ಎರಡನೆಯ ಕೊಕ್ಕರೆ

ನನ್ನ ಗಂಡ ಅಮರಪ್ಪನವರ ಕ್ಯಾಮೆರಾದಂಥದು ಈ ಕೊಪ್ಪಳ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಇಲ್ಲದಿದ್ದರೆ ಇಲ್ಲ, ಯಾರ ಗಂಟು ಹೋಯಿತು ಎನ್ನುತ್ತಿದ್ದೆ ನಾನು. ಅವರಿಗೆ ಮಾತ್ರ ಅದೇ ಕೊರಗು. ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು. ಇಂಥದೇ ಕ್ಯಾಮೆರಾ ಇಟ್ಟುಕೊಂಡವರು ಇನ್ನೊಬ್ಬರು ಎಲ್ಲೋ ಇದ್ದಾರೆ, ಸಿಕ್ಕೇ ಸಿಗುತ್ತಾರೆ ಎಂದು ವರ್ಷಗಟ್ಟಲೆ ಹುಡುಕಿದರು. ಸಿಕ್ಕರು. ಸಿಗದೇ ಹೋಗಿದ್ದರೆ ನನ್ನ ತಾಯಿ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಿದ್ದಳು. ಈ ಮಾತನ್ನು ಅವರ ಮುಖದ ಮುಂದೆಯೇ ಹೇಳಿದ್ದೇನೆ, ನನಗೆ ಯಾರ ಮುಲಾಜೂ ಇಲ್ಲ.

ಕ್ಯಾಮೆರಾದ ಹೆಸರು ಹಾಲ್ಡೋರಾ. ನಮ್ಮ ಮದುವೆಯಾದ ವರ್ಷ ಹುಬ್ಬಳ್ಳಿಯಲ್ಲಿ ಒಬ್ಬ ಜರ್ಮನ್ ಪಾದ್ರಿ ತನ್ನ ದೇಶಕ್ಕೆ ಮರಳುವಾಗ ಮನೆಯ ಸಾಮಾನೆಲ್ಲ ಮಾರಿದನಂತೆ. ಹತ್ತಿ ಮಾರಲು ಹೋಗಿದ್ದ ಇವರು ಹತ್ತಿಯ ರೊಕ್ಕ ಅಲ್ಲೇ ಸುರಿದು ಅದನ್ನು ಎದೆಗವಚಿಕೊಂಡು ಬಂದರು. ಬೇರೆ ಕ್ಯಾಮೆರಾಗಳ ಮಡಿಕೆ ಮಡಿಕೆಯ ಚರ್ಮದ ತಿದಿ ಕಪ್ಪಗಿರುತ್ತದೆ, ಇದರ ತಿದಿ ಕುಂಕುಮದಷ್ಟು ಕೆಂಪು. ಮೂತಿಯ ಮೇಲೆ ಒಂಟಿಕಾಲಿನಲ್ಲಿ ನಿಂತ ಹಿತ್ತಾಳೆಯ ಪುಟ್ಟ ಕೊಕ್ಕರೆ. ನಮ್ಮ ಮಾವನವರು ಮಗನನ್ನೂ ನೋಡಿದರು, ಕೊಕ್ಕರೆಯನ್ನೂ ನೋಡಿದರು. "ಆತು ಬಿಡು. ಇಬ್ಬರೂ ಒಂಟಿಕಾಲ ಮ್ಯಾಲೆ ನಿಲ್ರಿ ಇನ್ನ," ಎಂದು ಅರಿವೆ ಅಂಗಡಿಯ ಕೀಲಿಯನ್ನು ಸಣ್ಣ ಮಗನ ಕೈಗೆ ಕೊಟ್ಟರು. ಅಲ್ಲಿಗೆ ನನ್ನ ಗಂಡನ ವ್ಯಾಪಾರ ಮುಗಿದು ಫೋಟೋ ಶುರುವಾಯಿತು.

ಫೋಟೋ ತೆಗೆಸುವವರಾದರೂ ಯಾರು? ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಜೀವಂತ ಇದ್ದವರು ಹತ್ತಿರ ಸುಳಿಯುತ್ತಿರಲಿಲ್ಲ. ಕ್ಯಾಮೆರಾ ಕಂಡರೆ ಹೆಂಗಸರು ಸೆರಗಿನಲ್ಲಿ ಮಕ್ಕಳ ಮುಖ ಮುಚ್ಚುತ್ತಿದ್ದರು. ಆಯುಷ್ಯದ ಚಿಂತೆ ಇಲ್ಲದವರೆಂದರೆ ಸತ್ತವರು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಹೂವಿನ ಸರ ಹಾಕಿ, ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಮುಂದೆ ಭಜನೆ ನಡೆಯುತ್ತಿರುತ್ತದೆ. ಆ ಹೊತ್ತಿಗೆ ಇವರು ಮೂರು ಕಾಲಿನ ಕೋಲು ಊರಿ, ಕರಿ ಅರಿವೆ ಹೊದ್ದು, ಬಿಸಿಲು ನೋಡಿಕೊಂಡು ಒಂದು ಫೋಟೋ ತೆಗೆಯುತ್ತಿದ್ದರು. ಮನುಷ್ಯ ಬದುಕಿದ್ದ ಎನ್ನುವುದಕ್ಕೆ ಆ ಮನೆಯಲ್ಲಿ ಉಳಿಯುವ ಗುರುತು ಅದೊಂದೇ.

ಕ್ಯಾಮೆರಾದ ಬೆನ್ನಿಗೆ ಗಾಜಿನ ಪ್ಲೇಟು ಹಾಕುವ ತೆಳ್ಳನೆಯ ಪೆಟ್ಟಿಗೆಯೊಂದಿರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ 'ತಗಡು' ಎನ್ನುತ್ತಿದ್ದೆವು. ಪಾದ್ರಿ ಕೊಟ್ಟ ತಗಡುಗಳಲ್ಲಿ ಬಹಳಷ್ಟು ತುಕ್ಕು ಹಿಡಿದು ಹೋಗಿ ಕಡೆಗೆ ಒಂದೇ ಉಳಿಯಿತು. ಅದರ ಅಂಚೂ ಸವೆದು ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿತು. ಅಲ್ಲಿಂದ ಬಿಸಿಲು ಒಳಗೆ ನುಗ್ಗಿ ಪ್ಲೇಟಿನ ಮೇಲೆ ಬರೆ ಎಳೆಯುತ್ತಿತ್ತು. ಕ್ಯಾಮೆರಾದೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದಂತೆ, ಹಾಗಾಗಿ ಕೆಳಮೂಲೆಯ ತೂತಿನ ಬಿಸಿಲು ಫೋಟೋದಲ್ಲಿ ಮೇಲಕ್ಕೆ ಬರುತ್ತಿತ್ತು. ಕೂತವರ ನೆತ್ತಿಯಿಂದ ಹೊರಟು ಮೇಲಕ್ಕೆ ಏರಿ ಹೋಗುವ ಬೆಳ್ಳನೆಯ ಬೆಳಕು.

ಮೊದಲು ಹಾಗೆ ಬಂದದ್ದು ಗಿಣಿಗೇರಾದ ಒಬ್ಬ ಮುದುಕ ಗೌಡರ ಫೋಟೋದಲ್ಲಿ. ಇವರು ನಾಚಿಕೆಯಿಂದ ಕುಗ್ಗಿ, ಕೆಟ್ಟಿದೆ, ರೊಕ್ಕ ಬೇಡ ಎಂದು ಹೇಳಿ ಬರಲು ಹೋದರು. ಹೇಳುವುದಕ್ಕೆ ಮೊದಲೇ ಹಿರಿಯ ಮಗ ಫೋಟೋ ಕಿತ್ತುಕೊಂಡು ಹಣೆಗೆ ಒತ್ತಿಕೊಂಡ.

"ನಮ್ಮಪ್ಪ ಶಿವನ ಪಾದಾ ಸೇರೂದು ಕಂಡೈತ್ರಿ ಇದರಾಗ! ಏ ಬರ್ರ್ಯೋ, ಎಲ್ಲಾರೂ ಬರ್ರಿ, ನೋಡ್ ಬರ್ರಿ!"

ಮನೆ ಮಂದಿಯೆಲ್ಲ ಫೋಟೋದ ಮುಂದೆ ಅಡ್ಡ ಬಿದ್ದರು. ಗೌಡಸಾನಿ ಅಳುತ್ತಲೇ ನಕ್ಕಳಂತೆ. ಇವರು ಬಾಯಿ ಮುಚ್ಚಿಕೊಂಡು ವಾಪಸು ಬಂದರು. ಯಾರಾದರೂ ಅಂಥ ಹೊತ್ತಿನಲ್ಲಿ ಏನು ಹೇಳಿಯಾರು?

ಅಲ್ಲಿಂದ ಮುಂದೆ ಕುಷ್ಟಗಿಯಿಂದ, ಯಲಬುರ್ಗಾದಿಂದ ಗಾಡಿ ಕಟ್ಟಿಕೊಂಡು ಬರತೊಡಗಿದರು. ಹೆಣ ಇಟ್ಟುಕೊಂಡು ಕಾಯ್ದಾದರೂ ಅಮರಪ್ಪನವರನ್ನೇ ಕರೆಸಬೇಕು ಎನ್ನುವಂತಾಯಿತು. ನನ್ನ ತಂದೆ ತೀರಿಕೊಂಡಾಗಲೂ ನೆತ್ತಿಯ ಮೇಲೆ ಬೆಳಕು ಬಂತು. ಗಂಡು ಮಕ್ಕಳಿಲ್ಲದ ನನ್ನ ತಾಯಿ ಶೇಖರಮ್ಮ ಆ ಫೋಟೋ ಎದೆಗೊತ್ತಿಕೊಂಡೇ ನಮ್ಮ ಮನೆಗೆ ಬಂದು ಉಳಿದಳು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅದನ್ನು ಒರೆಸುತ್ತಿದ್ದಳು. "ನನ್ನ ಪಾಳಿ ಬಂದಾಗ್ನೂ ಹಿಂಗ ಬೆಳಕ ಬರ್ಲೆವ್ವಾ. ಇದೊಂದ ನೋಡು ನಾ ಬೇಡೂದು," ಎನ್ನುತ್ತಿದ್ದಳು. ನನ್ನ ತಂಗಿ ಪಂಪಮ್ಮನನ್ನು ಯಲಬುರ್ಗಾಕ್ಕೆ ಕೊಟ್ಟಿದ್ದೆವು. ಅವಳ ಮಾವ ಹೋದಾಗಲೂ ಹಾಗೇ ಬೆಳಕು. ಅವಳ ಅತ್ತೆ ಸಣ್ಣವ್ವ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗುಲಿಯ ಪಕ್ಕದಲ್ಲೇ ತೂಗುಹಾಕಿದಳು.

ತೂತಿನ ಸಂಗತಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. "ಅನ್ನಾ ಕೊಡೂ ತೂತು, ಸುಮ್ಮನಿರ್ರಿ," ಎನ್ನುತ್ತಿದ್ದೆ ನಾನು. ಅವರು ಸುಮ್ಮನಿರುವ ಆಸಾಮಿಯೇ ಅಲ್ಲ. ಫೋಟೋ ಒಣಗಿಸುವಾಗಲೆಲ್ಲ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ನನ್ನ ಹೆಸರು ಕಳಕವ್ವ, ಅವರ ಬಾಯಲ್ಲಿ ಕಳಕಿ.

"ಇದು ಫೋಟೋ ಅಲ್ಲ ಕಳಕೀ. ನಾ ಒಂದರೆ ಫೋಟೋ ಸರಿಯಾಗಿ ತಗದೀನೇನ? ಎಲ್ಲಾರ ಮ್ಯಾಲೂ ನನ್ನ ನಾಚಿಕಿ ಕುಂತೈತಿ."

ಅಂಚಿಗೆ ಡಾಂಬರು ಮೆತ್ತಿದರು. ಮಖಮಲ್ಲು ಅಂಟಿಸಿದರು. ತಗಡು ಕ್ಯಾಮೆರಾದೊಳಗೆ ಹೋಗಲೇ ಒಲ್ಲೆ ಎಂದಿತು. ಡಬ್ಬಿ ಮಾಡುವವನ ಹತ್ತಿರ ಹೊಸದೊಂದು ಮಾಡಿಸಿದರು, ಅದರಲ್ಲಿ ನಾಲ್ಕೂ ಕಡೆಯಿಂದ ಬೆಳಕು ಬಂತು. ಅಷ್ಟು ಬೆಳಕಿಗೆ ಊರೇ ಮೋಕ್ಷ ಕಾಣಬಹುದಿತ್ತು. ಬೇರೆ ಕಂಪನಿಯದು ಇದಕ್ಕೆ ಕೂರುವುದಿಲ್ಲ. ಮುಂಬಯಿಗೆ ಬರೆದು ಕೇಳಿದರೆ, ಹಾಲ್ಡೋರಾ ಕಂಪನಿ ಎಂದೋ ಮುಚ್ಚಿತು, ಮೇಲಾಗಿ ಯುದ್ಧ, ಜರ್ಮನ್ ಸಾಮಾನು ಬರುವುದಿಲ್ಲ ಎಂದರು. ಉಳಿದದ್ದು ಒಂದೇ ದಾರಿ: ಇಂಥದೇ ಕ್ಯಾಮೆರಾ ಇದ್ದವರನ್ನು ಹುಡುಕಿ ಒಂದು ತಗಡು ಬೇಡುವುದು.

ಅಯ್ಯೋ, ಆ ಹುಡುಕಾಟದ ಕತೆ ಹೇಳಿದರೆ ನೀವು ನಗುತ್ತೀರಿ. ರೈಲು ಬರುವ ಹೊತ್ತಿಗೆ ಕೊಪ್ಪಳದ ಸ್ಟೇಷನ್ನಿಗೆ ಹೋಗಿ ಇಳಿಯುವವರ ಕೊರಳು ನೋಡುತ್ತ ನಿಲ್ಲುತ್ತಿದ್ದರು. ಚರ್ಮದ ಚೀಲ ಕಂಡರೆ ಸಾಕು, ಬೆನ್ನು ಹತ್ತುತ್ತಿದ್ದರು. ಒಮ್ಮೆ ಅದು ಕ್ಷೌರ ಮಾಡುವ ನಾಯಿಂದರ ಕತ್ತಿಯ ಚೀಲವಾಗಿತ್ತು. ಕುಷ್ಟಗಿಯಲ್ಲಿ ಒಬ್ಬ ಡಾಕ್ಟರರ ಹತ್ತಿರ ಜರ್ಮನ್ ಕ್ಯಾಮೆರಾ ಇದೆ ಎಂದು ಯಾರೋ ಹೇಳಿದ್ದಕ್ಕೆ ಮಳೆಯಲ್ಲಿ ಗಾಡಿ ಹೂಡಿಕೊಂಡು ಹೋದರು. ನೋಡಿದರೆ ಕೊಡಾಕ್ ಕಂಪನಿಯ ಡಬ್ಬಿ ಕ್ಯಾಮೆರಾ. ಡಾಕ್ಟರರು ಪಾಪ ಚಹಾ ಕುಡಿಸಿ, ಇಷ್ಟು ದೂರ ಬಂದಿದ್ದೀರಿ, ಎಲ್ಲಿ ನಾಲಿಗೆ ತೋರಿಸಿ ಎಂದು ಔಷಧ ಕೊಟ್ಟು ಕಳಿಸಿದರು. ಹಂಪಿ ನೋಡಲು ಬಂದ ಬಿಳಿಯರು ಹರಿಗೋಲಿನಲ್ಲಿ ಹೊಳೆ ದಾಟಿ ಆನೆಗೊಂದಿಗೆ ಬರುತ್ತಾರೆಂದು ಅಲ್ಲಿ ಬಂಡೆಯ ಮೇಲೆ ದಿನವಿಡೀ ಕೂತಿರುತ್ತಿದ್ದರು. ಬಂದವರ ಕೈಯಲ್ಲಿ ಒಂದಕ್ಕಿಂತ ಒಂದು ಚೆಂದದ ಕ್ಯಾಮೆರಾ, ಎಲ್ಲದರ ತಿದಿಯೂ ಕಪ್ಪು. ತಮ್ಮ ಕೊಕ್ಕರೆ ತೋರಿಸಿ ಇವರು ಏನೋ ಕೇಳಲು ಹೋದರೆ ಅವರ ಸಂಗಡದ ಜವಾನ ಅತ್ತ ಸರಿ ಎಂದು ಗದರಿಸಿದ. ಬಿಸಿಲಿಗೆ ಮೂಗು ಸುಲಿಸಿಕೊಂಡು ಮನೆಗೆ ಬಂದು ಗೋಡೆಗೆ ಒರಗಿ ಕೂತರು.

"ಇಷ್ಟ್ ದೊಡ್ಡ ಜಗತ್ತಿನ್ಯಾಗ ನನಗೊಬ್ಬ ಜೊತಿ ಇಲ್ಲಂದ್ರ ಹೆಂಗ, ಕಳಕೀ?" ಎಂದರು.

"ನಾ ಏನ್ ಸತ್ತೀನೇನ್ರಿ?" ಎಂದೆ. ಹಾಗೆಂದೆನೇ ಹೊರತು ಅವರ ಮಾತು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ತನ್ನ ಕಷ್ಟ ಇದು ಎಂದು ಹೇಳಿದರೆ ಹೌದು ಎನ್ನುವ ಒಬ್ಬ ಮನುಷ್ಯ ಅವರಿಗಿರಲಿಲ್ಲ.

ಕಡೆಗೆ ಕೊಕ್ಕರೆಯನ್ನು ಕಂಡವಳು ಬಳೆ ಮಾರುವ ಗೌಸಬೀ. ಕೊಪ್ಪಳ, ಗಂಗಾವತಿಯ ಪರದೆಯ ಮನೆಗಳಿಗೆ ಅವಳೇ ಬಳೆ ಇಡಿಸುವವಳು. ಒಂದು ದಿನ ನನ್ನ ಕೈಗೆ ಬಳೆ ಏರಿಸುತ್ತ ಏರಿಸುತ್ತ ಗೂಡಿನಲ್ಲಿದ್ದ ಕ್ಯಾಮೆರಾವನ್ನು ಮೊದಲ ಸಲ ಕಂಡು ಕೈ ನಿಲ್ಲಿಸಿದಳು.

"ಏ ಕಳಕವ್ವಾ, ನಿನ್ನ ಗಂಡ ಊರೆಲ್ಲಾ ತಿರಗತಾನಲ್ಲ, ಅದು ಈ ಕೊಕ್ಕರಿಗೇನ? ಇಂಥಾದ್ದ ಗಂಗಾವತಿಯೊಳಗ ಶಹನಾಜಬೇಗಂ ಮನ್ಯಾಗ ಐತಲ್ಲ! ಅವರ ಸಾಹೇಬ್ರು ಹೈದ್ರಾಬಾದಿಂದ ತಂದಕೊಟ್ಟಿದ್ದು. ಬೇಗಂಸಾಬ್ ತಾನ ಫೋಟೋ ತಗೀತಾಳ, ಮನಿಯಾಗಿನ ಹೆಂಗಸರ್ದು."

ನಾನು ಬಿದ್ದು ಬಿದ್ದು ನಕ್ಕೆ. ಇಷ್ಟು ವರ್ಷ ಈ ಮನುಷ್ಯ ಗಂಡಸರ ಕೊರಳು ನೋಡುತ್ತ ತಿರುಗಿದ್ದ. ಕೊಕ್ಕರೆ ಪರದೆಯ ಹಿಂದೆ ಕೂತಿತ್ತು.

ಮೂವರೂ ಗಂಗಾವತಿಗೆ ಹೋದೆವು. ನಾನು, ಗೌಸಬೀ ಒಳಗೆ. ಇವರು ಪಡಸಾಲೆಯಲ್ಲಿ, ನಡುವೆ ದಪ್ಪನೆಯ ಹಸಿರು ಪರದೆ. ಬೇಗಂ ನನ್ನ ವಯಸ್ಸಿನವಳೇ, ತೆಳ್ಳಗೆ, ಬೆರಳುಗಳ ಮೇಲೆಲ್ಲ ಫೋಟೋ ತೊಳೆಯುವ ಔಷಧದ ಕಂದು ಕಲೆ. ನನ್ನ ಗಂಡನ ಬೆರಳಿನ ಮೇಲೂ ಅದೇ ಕಲೆ. ಇವರು ಹೈದರಾಬಾದ್ ಸರ್ಕಾರದ ಸಾಲೆಯಲ್ಲಿ ಉರ್ದು ಕಲಿತವರಾದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಮೊದಲು ಆದಾಬ್ ಅಷ್ಟೇ. ಆಮೇಲೆ ಇವರು ಪರದೆಯ ಅಡಿಯಿಂದ ತಮ್ಮ ಕ್ಯಾಮೆರಾ ಒಳಗೆ ಸರಿಸಿದರು. ಬೇಗಂ ಅದನ್ನು ನೋಡಿ "ಯಾ ಅಲ್ಲಾ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಒಳಗೆ ಓಡಿ ತನ್ನದನ್ನು ತಂದು ಚಾಪೆಯ ಮೇಲೆ ಅದರ ಎದುರಿಗೆ ಇಟ್ಟಳು. ಎರಡೂ ಕೊಕ್ಕರೆಗಳು ಮುಖಾಮುಖಿ ನಿಂತವು.

ಆಮೇಲೆ ಇಬ್ಬರಿಗೂ ಮಾತಿನ ಕಟ್ಟೆ ಒಡೆಯಿತು. ನನಗೆ ಉರ್ದು ಅರ್ಧಂಬರ್ಧ, ಗೌಸಬೀ ಕಿವಿಯಲ್ಲಿ ಹೇಳುತ್ತಿದ್ದಳು. ಚಳಿಗಾಲದಲ್ಲಿ ಇದರ ಗುಂಡಿ ಬಿಗಿಯುತ್ತದಲ್ಲ? ಹೌದು, ಬಿಗಿಯುತ್ತದೆ, ಸ್ವಲ್ಪ ಉಸಿರು ಊದಬೇಕು! ನೀವೂ ಊದುತ್ತೀರಾ? ನಾನೂ ಊದುತ್ತೇನೆ! ಪರದೆಯ ಎರಡೂ ಕಡೆ ನಗು. ನಾನೂ ವರ್ಷಗಳಿಂದ ಬಂದ ಹೆಂಗಸರನ್ನೆಲ್ಲ ಕೇಳುತ್ತಿದ್ದೆ, ಎಲ್ಲಾದರೂ ಕೆಂಪು ತಿದಿ ಕಂಡಿರಾ ಎಂದು, ಎಲ್ಲರೂ ತಲೆ ಕೆಟ್ಟಿದೆ ಎಂದರು ಎಂದಳು ಬೇಗಂ. ನನ್ನ ಗಂಡ ಅಷ್ಟು ಮನಸಾರೆ ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಸುಳ್ಳೇಕೆ, ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು. ಹೊರಡುವಾಗ ಬೇಗಂ ಬಳಸದೇ ಇಟ್ಟ ಎರಡು ತಗಡು ಪರದೆಯ ಅಡಿಯಿಂದ ಹೊರಗೆ ಸರಿಸಿದಳು. ರೊಕ್ಕದ ಮಾತೆತ್ತಿದರೆ ಮುನಿಸಿಕೊಂಡಳು. ಇದರಲ್ಲಿ ತೆಗೆದ ಫೋಟೋ ಹೇಗೆ ಬಂತೆಂದು ತಿಳಿಸಿ, ಅಷ್ಟು ಸಾಕು ಎಂದಳು.

ಮನೆಗೆ ಬಂದವರೇ ಇವರು ಹಳೆಯ ತಗಡನ್ನು ಅಂಗಳದ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದರು. ಎದುರಿಗೆ ಕಂಡ ವೈರಿಯನ್ನು ಬಡಿದ ಹಾಗೆ ಬಡಿದರು. "ಅದ್ಯಾಕ ಬಡಿಯಾಕತ್ತಾರವ್ವ?" ಎಂದು ಕೇಳಿದಳು ನನ್ನ ತಾಯಿ. "ಹಳೇದಾಗಿತ್ತ ಬಿಡವ್ವ," ಎಂದೆ. ಜಜ್ಜಿದ ತಗಡು ನನಗೆ ಉಪಯೋಗಕ್ಕೆ ಬಂತು. ಉಗ್ರಾಣದಲ್ಲಿ ಇಲಿಯ ಬಿಲವೊಂದಿತ್ತು, ಅದಕ್ಕೆ ತುರುಕಿದೆ.

ಪಂಪಮ್ಮನ ಸುದ್ದಿ ಬಂದದ್ದು ಅದಾದ ವಾರಕ್ಕೇ, ಶ್ರಾವಣದಲ್ಲಿ. ಬೆಳಿಗ್ಗೆ ನೀರಿಗೆ ಹೋದವಳು ಬಾವಿಯಲ್ಲಿ ಸಿಕ್ಕಳಂತೆ. ಮೆಟ್ಟಿಲಿನ ಮೇಲೆ ಪಾಚಿಯಿತ್ತು, ಕೊಡ ನೀರಿನ ಮೇಲೆ ತೇಲುತ್ತಿತ್ತು. ನಾವು ಮುಟ್ಟುವ ಹೊತ್ತಿಗೆ ಅವಳನ್ನು ಕಟ್ಟೆಯ ಮೇಲೆ ಕೂಡಿಸಿದ್ದರು. ಒದ್ದೆ ಕೂದಲು ಬಾಚಿ ಹೂ ಮುಡಿಸಿದ್ದರು. ಅವಳಿಗೆ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಮಾತು ಕೇಳಿಸಿಕೊಳ್ಳುತ್ತಿದ್ದಳೆಂದು ನನಗೆ ಗೊತ್ತಿತ್ತು, ಯಾವ ಮನೆಯಲ್ಲಿ ಇಲ್ಲ ಅದು? ಜಾರಿದಳೋ, ಹಾರಿದಳೋ ಎಂದು ಜನ ಗುಸುಗುಸು ಎನ್ನುತ್ತಿದ್ದರು. ನನಗೆ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಪಂಪಿ ಹೆಂಗಿದ್ದಳೋ ಹಂಗ ತಗೀತೀನಿ. ಒಂದು ಕಲಿ ಬೀಳಗೊಡೂದಿಲ್ಲ," ಎಂದರು ಇವರು ಕಣ್ಣೊರೆಸಿಕೊಂಡು. ಬೇಗಂ ಕೊಟ್ಟ ತಗಡು ಹಾಕಿದರು. ಅದು ಅದರಲ್ಲಿ ತೆಗೆದ ಮೊದಲ ಫೋಟೋ. ಗದ್ದದ ಮಚ್ಚೆ, ಮೂಗುಬಟ್ಟಿನ ಹರಳು, ವಿಭೂತಿಯ ಮೂರು ಗೆರೆ, ಎಲ್ಲ ಸ್ಪಷ್ಟವಾಗಿ ಬಂತು. ಕರೆದರೆ ಓ ಎನ್ನುವಂತಿದ್ದಳು. ನನ್ನ ಗಂಡ ಎಷ್ಟೋ ವರ್ಷ ಬಯಸಿದ ಫೋಟೋ ಅದು, ಸಿಕ್ಕದ್ದು ನನ್ನ ತಂಗಿಯ ಹೆಣದ ಮೇಲೆ. ಅಳುತ್ತಲೇ ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು.

ನನ್ನ ತಾಯಿ ಅದನ್ನು ಅವರ ಕೈಯಿಂದ ತೆಗೆದುಕೊಂಡಳು. ಬಾಗಿಲ ಹತ್ತಿರ ಒಯ್ದು ನೋಡಿದಳು. ಓರೆ ಮಾಡಿ ನೋಡಿದಳು, ಸೆರಗಿನಿಂದ ಒರೆಸಿ ನೋಡಿದಳು.

"ಕಳಕಾ, ಬೆಳಕೆಲ್ಲಿ ಐತಿ?"

ತೆಗೆಯುವಾಗ ಅದು ನಮ್ಮ ತಲೆಗೇ ಬಂದಿರಲಿಲ್ಲ. ಅವರಿಗೆ ಕಲೆ ಹೋದ ಸಂತೋಷ, ನನಗೆ ತಂಗಿ ಹೋದ ದುಃಖ.

ಯಲಬುರ್ಗಾದವರೂ ನೋಡಿದರು. ಕೆಲವು ದಿನಕ್ಕೆ ಫೋಟೋ ಬಿಳಿ ಅರಿವೆಯಲ್ಲಿ ಸುತ್ತಿ ನಮ್ಮ ಮನೆಗೆ ವಾಪಸು ಬಂತು. ಜಗುಲಿಯ ಗೋಡೆಯ ಮೇಲೆ ತಮ್ಮ ಮನೆತನದ ಸತ್ತವರೆಲ್ಲರ ಸಾಲಿದೆ, ಎಲ್ಲರ ನೆತ್ತಿಯ ಮೇಲೂ ಬೆಳಕಿದೆ, ಪಂಪಮ್ಮನಿಗೆ ಅಲ್ಲಿ ಜಾಗವಿಲ್ಲ ಎಂದು ಹೇಳಿ ಕಳಿಸಿದ್ದರು. ಹಾರಿಯೇ ಸತ್ತಿದ್ದಾಳೆ, ಅದಕ್ಕೇ ಶಿವ ಕರೆದುಕೊಂಡಿಲ್ಲ ಎಂದು ಊರೆಲ್ಲ ಹಬ್ಬಿತು. ಬಾವಿಯ ನೀರು ತಿಂಗಳುಗಟ್ಟಲೆ ಯಾರೂ ಮುಟ್ಟಲಿಲ್ಲ. ನನ್ನ ತಾಯಿ ಊಟ ಬಿಟ್ಟಳು. ನನ್ನ ಮೈ ಉರಿದು ಹೋಯಿತು.

"ಹೋಗಿ ಖರೇ ಹೇಳಿ ಬರ್ರಿ," ಎಂದೆ ಗಂಡನಿಗೆ. "ನಿಮ್ಮ ತೂತಿನ ಸಂಗತಿ ಹೇಳ್ರಿ. ನನ್ನ ತಂಗಿ ಹೆಸರು ಉಳಸ್ರಿ."

ನಾನೂ ಸಂಗಡ ಹೋದೆ. ಸಣ್ಣವ್ವ ಕೆಟ್ಟ ಹೆಂಗಸಲ್ಲ. ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಕೂತಳು. ಇವರು ತಲೆ ತಗ್ಗಿಸಿ ಎಲ್ಲ ಹೇಳಿದರು: ತಗಡು ಸವೆದದ್ದು, ಬಿಸಿಲು ನುಗ್ಗಿದ್ದು, ಹೊಸ ತಗಡು ಸಿಕ್ಕದ್ದು. ಅವಳು ಪೂರ್ತಿ ಕೇಳಿದಳು. ಆಮೇಲೆ ಎದ್ದು ಜಗುಲಿಯ ಪಕ್ಕದಿಂದ ತನ್ನ ಗಂಡನ ಫೋಟೋ ಇಳಿಸಿ ತಂದು ಇವರ ತೊಡೆಯ ಮೇಲೆ ಇಟ್ಟಳು.

"ಹಂಗಾರ ಇದೂ ತೂತೇನ್ರಿ, ಅಮರಪ್ಪನವರ? ನಮ್ಮ ಯಜಮಾನ್ರ ಮ್ಯಾಲಿಂದು? ನಾ ದಿನಾ ಕೈ ಮುಗಿಯೂದು ನಿಮ್ಮ ತಗಡಿನ ತೂತಿಗೇನ್ರಿ?"

ಅವಳ ಕಣ್ಣಲ್ಲಿ ನೀರಿತ್ತು. ಇವರು ಫೋಟೋ ನೋಡಿದರು. ಅವಳ ಮುಖ ನೋಡಿದರು. ಹೌದು ಎನ್ನಬೇಕಾಗಿತ್ತು, ಒಂದೇ ಒಂದು ಮಾತು. ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ಇಲ್ರಿ," ಎಂದರು. "ಇದು... ಇದು ಬ್ಯಾರೆ. ಆವಾಗ ತಗಡು ಛಲೋ ಇತ್ರಿ."

ಸಣ್ಣವ್ವ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಫೋಟೋ ತೆಗೆದುಕೊಂಡು ಹೋಗಿ ಮತ್ತೆ ಗೋಡೆಗೆ ಹಾಕಿದಳು. ಅಲ್ಲಿಗೆ ನನ್ನ ತಂಗಿಯ ಮಾತು ಮುಗಿಯಿತು. ಗಾಡಿಯಲ್ಲಿ ಬರುವಾಗ ನಾನು ಬಾಯಿಗೆ ಬಂದ ಹಾಗೆ ಬೈದೆ. ಮುದುಕಿಯ ಕಣ್ಣೀರಿಗೆ ಕರಗುವ ಗಂಡಸು ನನ್ನ ತಾಯಿಯ ಕಣ್ಣೀರಿಗೆ ಯಾಕೆ ಕರಗಲಿಲ್ಲ ಎಂದು ಕೇಳಿದೆ. ಪ್ಲೇಟಿನ ಮೇಲೆ ಕರಿ ಮಸಿ ಎಳೆದರೆ ಫೋಟೋದಲ್ಲಿ ಬೆಳ್ಳಗೆ ಬರುತ್ತದೆ. ಮನೆಗೆ ಬಂದು ಇವರು ಹಾಗೆ ಮಸಿ ಎಳೆದು ಪಂಪಮ್ಮನ ಇನ್ನೊಂದು ಫೋಟೋ ಮಾಡಿ ಯಲಬುರ್ಗಾಕ್ಕೆ ಕಳಿಸಿದರು. ನಿನ್ನೆ ಇಲ್ಲದ ಬೆಳಕು ಇವತ್ತೆಲ್ಲಿಂದ ಬಂತು ಎಂದು ಅದೂ ವಾಪಸು ಬಂತು.

ನನ್ನ ತಾಯಿಗಾದರೂ ಖರೇ ತಿಳಿಯಲಿ ಎಂದು ಉಗ್ರಾಣಕ್ಕೆ ಹೋಗಿ ಇಲಿಯ ಬಿಲದಿಂದ ಆ ಜಜ್ಜಿದ ತಗಡು ಕಿತ್ತು ತಂದೆ. ಅವಳು ಅಷ್ಟೊತ್ತಿಗೆ ಹಾಸಿಗೆ ಹಿಡಿದಿದ್ದಳು. ಮಣ್ಣು ಒರೆಸಿ ಅವಳ ಕೈಯಲ್ಲಿಟ್ಟೆ.

"ನೋಡವ್ವಾ, ಬೆಳಕಂದ್ರ ಇದು. ಈ ಮೂಲ್ಯಾಗ ಬಾಯಿ ಬಿಟ್ಟಿತ್ತು. ಇದರಾಗಿಂದ ಬಿಸಲು ಬರತಿತ್ತು. ಪಂಪಿಗೆ ಹೊಸಾದ್ದ ಹಾಕಿದ್ರು, ಅದಕ್ಕ ಬಂದಿಲ್ಲ. ಆಕಿದೇನೂ ತಪ್ಪಿಲ್ಲವ್ವಾ."

ಅವಳು ತಗಡನ್ನು ತಿರುಗಿಸಿ ನೋಡಿದಳು. ಸೀಳಿದ ಮೂಲೆಯಲ್ಲಿ ಕಿರುಬೆರಳಿನ ಉಗುರು ಆಡಿಸಿದಳು. ನಂಬಿದಳು, ಇನ್ನು ಎದ್ದು ಗಂಜಿ ಕುಡಿಯುತ್ತಾಳೆ ಎಂದು ನನಗೆ ಆಸೆಯಾಯಿತು.

"ನಿಮ್ಮಪ್ಪಂದೂ ಇದರಾಗಿಂದ ಬಂದಿದ್ದೇನ?" ಎಂದಳು.

ನನಗೆ ನನ್ನ ಗಂಡನ ಸ್ಥಿತಿ ಆಗ ಅರ್ಥವಾಯಿತು. ಆದರೂ ಬಾಯಿ ಕಟ್ಟಲಿಲ್ಲ. "ಹೂನವ್ವಾ," ಎಂದೆ.

"ನಿನ್ನ ಮಾತು ನಂಬಿದ್ರ ಇಬ್ಬರೂ ಕತ್ತಲ್ಯಾಗ ಅದಾರ," ಎಂದಳು ಮೆಲ್ಲಗೆ. "ನಂಬದಿದ್ರ ಅವರು ಬೆಳಕಿನ್ಯಾಗ, ನನ್ನ ಕೂಸು ಒಬ್ಬಾಕಿ ಕತ್ತಲ್ಯಾಗ." ತಗಡನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಇಷ್ಟ್ ದಿನಾ ಬೆಳಕು ಬರ್ಲಿ ಅಂತ ಬೇಡಕೊಂಡೆ. ಇನ್ನ ಬ್ಯಾಡ. ನನ್ನ ಪಾಳಿ ಬಂದಾಗ ಆ ಬೇಗಮ್ಮನ ತಗಡ ಹಾಕಂತ ಹೇಳು ನಿನ್ನ ಗಂಡಗ. ನಿಮ್ಮಪ್ಪಗ ಶಿವಾ ಅದಾನ. ಪಂಪಿಗೆ ಯಾರದಾರ? ಆಕಿ ಎಲ್ಲಿ ಅದಾಳೋ ಅಲ್ಲೇ ಹೋಗ್ತೀನಿ."

"ಅವ್ವಾ, ಅದು ಬರೇ ತಗಡವ್ವಾ!" ಎಂದು ಚೀರಿದೆ. ಅವಳು ಗೋಡೆಯ ಕಡೆ ಮಗ್ಗುಲಾದಳು. ಎಷ್ಟು ಅಂಗಲಾಚಿದರೂ ಆ ಮಾತು ಮತ್ತೆ ಎತ್ತಲಿಲ್ಲ.

ದೀಪಾವಳಿ ಮುಗಿಯುತ್ತಿದ್ದಂತೆ ಹೋದಳು. ಮೈ ತೊಳೆದು, ವಿಭೂತಿ ಹಚ್ಚಿ, ನಮ್ಮ ಮನೆಯ ಕಟ್ಟೆಯ ಮೇಲೆಯೇ ಕೂಡಿಸಿದೆವು. ಒಳ್ಳೆಯ ಬಿಸಿಲಿತ್ತು. ಇವರು ಕ್ಯಾಮೆರಾ ಊರಿದರು, ಕರಿ ಅರಿವೆ ಹೊದ್ದರು, ಮತ್ತೆ ಹೊರಗೆ ಬಂದು ನನ್ನ ಹತ್ತಿರ ನಿಂತರು.

"ಕಳಕೀ, ಆಮ್ಯಾಲೆ ಮಸಿ ಎಳೀತೀನಿ. ಈ ಸಲ ಯಾರೂ ನೋಡೂಕಿಂತ ಮೊದಲ ಎಳೀತೀನಿ. ಯಾರಿಗೂ ಗೊತ್ತಾಗೂದಿಲ್ಲ. ಅತ್ತಿ ಅವರಿಗೆ ಬೆಳಕು ಬಂತು ಅಂತಾರ ಮಂದಿ."

"ಬ್ಯಾಡ್ರಿ," ಎಂದೆ. "ಅವ್ವ ಹೇಳಿ ಹೋಗ್ಯಾಳ."

ಅವರು ಬೇಗಂ ಕೊಟ್ಟ ತಗಡು ಹಾಕಿದರು. ಅದು ಸದ್ದಿಲ್ಲದೆ ಒಳಗೆ ಕೂತಿತು.

ಈಗ ತಾಯಿ, ಮಗಳು ನಮ್ಮ ಪಡಸಾಲೆಯ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿದ್ದಾರೆ. ಈ ಸೀಮೆಯಲ್ಲೇ ಅಷ್ಟು ಚೊಕ್ಕಟವಾದ ಫೋಟೋ ಇನ್ನೊಂದಿಲ್ಲ ಎಂದು ಹೇಳಬಲ್ಲೆ. ಆಮೇಲೆ ಇವರನ್ನು ಯಾವ ಸಾವಿನ ಮನೆಯವರೂ ಕರೆಯಲಿಲ್ಲ. ಅಮರಪ್ಪನವರ ಕ್ಯಾಮೆರಾದಿಂದ ಬೆಳಕು ಹೊರಟು ಹೋಗಿದೆ ಎಂದರು. ಇವರು ತಮ್ಮನ ಅಂಗಡಿಯಲ್ಲಿ ಕೂತು ಅರಿವೆ ಅಳೆಯುತ್ತಾರೆ. ಸ್ಟೇಷನ್ನಿನ ಕಡೆ ತಿರುಗಿಯೂ ನೋಡುವುದಿಲ್ಲ.

ಸಂಕ್ರಾಂತಿಗೆ ಬಳೆ ಇಡಿಸಲು ಗೌಸಬೀ ಬಂದಳು. ತಾಯಿ ಹೋಗಿ ಎಷ್ಟೋ ದಿನವಾಗಿತ್ತು, ಆದರೂ ಬರಿಗೈಯಲ್ಲೇ ಇದ್ದೆ.

"ಬೇಗಂಸಾಬ್ ಕೇಳಿ ಕಳಿಸ್ಯಾಳವ್ವ," ಎಂದಳು. "ತನ್ನ ತಗಡಿನ್ಯಾಗ ತಗದ ಫೋಟೋ ಹೆಂಗ ಬಂದಾವ ಅಂತ. ಭಾಳ ಆಸೆಲೆ ಕೇಳ್ಯಾಳ. ಜೊತಿ ಒಬ್ಬ ಮನಷ್ಯಾ ಸಿಕ್ಕಾನಂತ ಎಲ್ಲಾರ ಮುಂದೂ ಹೇಳತಾಳ."

"ಭಾಳ ಛಲೋ ಬಂದಾವ ಅಂತ ಹೇಳು," ಎಂದೆ.

ಗೌಸಬೀ ಎದ್ದು ಗೋಡೆಯ ಹತ್ತಿರ ಹೋಗಿ ನನ್ನ ತಾಯಿಯ ಫೋಟೋ ನೋಡಿದಳು. ಮುಖ ನೋಡಲಿಲ್ಲ. ಅವಳ ಕಣ್ಣು ನೆಟ್ಟಗೆ ನೆತ್ತಿಯ ಮೇಲಕ್ಕೆ ಹೋಯಿತು, ಅಲ್ಲಿ ಕಟ್ಟೆಯ ಹಿಂದಿನ ಬರಿಯ ಗೋಡೆ ಇತ್ತು. ನನಗೆ ಸಿಟ್ಟು ಬಂತು, ಬೈಯಲು ಬಾಯಿ ತೆರೆದೆ. ಆದರೆ ಏನೆಂದು ಬೈಯಲಿ? ಇವರು ಆ ಫೋಟೋ ಇನ್ನೂ ಒದ್ದೆ ಇದ್ದಾಗಲೇ ತಂದು ನನ್ನ ಕೈಗಿಟ್ಟಿದ್ದರು. ತೂತು ಗೊತ್ತಿದ್ದವಳು, ಆ ತಗಡನ್ನು ಇಲಿಯ ಬಿಲಕ್ಕೆ ತುರುಕಿದವಳು, ನಾನು ಕೂಡ ಮೊದಲು ನೋಡಿದ್ದು ಅವಳ ನೆತ್ತಿಯ ಮೇಲೇ.